ಗುಂಡು ಹಾರುವ ಮೊದಲು

ಹಂಪನಕಟ್ಟೆಯ ಸಂಜೆ ಕಾಲೇಜು, ಮೂರನೇ ಮಾಳಿಗೆ.
ಫ್ಲಾರಿಡಾದ ತುದಿ ಹರಿದ ನಕ್ಷೆ
ಫ್ಯಾನಿನ ಗಾಳಿಗೆ ಪಟಪಟ.
ಡಸ್ಟರ್ ಒತ್ತಿ ಹಿಡಿದು, ಸ್ಕೇಲಿನ ತುದಿಯಲ್ಲಿ
ಓಕ್ಲಹೋಮ ತೋರಿಸುತ್ತೇನೆ.
‘ನೋಡಿ, ಹಿಡಿ ಇರುವ ಕಾವಲಿ.’
ನಗುತ್ತಾರೆ. ಹಗಲಿಡೀ ಬಟ್ಟೆ ಅಂಗಡಿಯಲ್ಲಿ, ಗ್ಯಾರೇಜಿನಲ್ಲಿ
ನಿಂತು ನಿಂತು ಬಂದವರು,
ಏಳೂವರೆಗೆ ನೀರುದೋಸೆ ನೆನಪಾದರೆ ತಪ್ಪೇನು.

ಕೆಳಗೆ ಕಂಡಕ್ಟರನ ಮಂತ್ರ:
ಜ್ಯೋತಿ ಬಲ್ಮಠ ಕಂಕನಾಡಿ, ಜ್ಯೋತಿ ಬಲ್ಮಠ ಕಂಕನಾಡಿ.

‘ಸಾವಿರದ ಎಂಟುನೂರ ಎಂಬತ್ತೊಂಬತ್ತು,
ಏಪ್ರಿಲ್ ಇಪ್ಪತ್ತೆರಡು, ನಡು ಮಧ್ಯಾಹ್ನ.
ಗಡಿಗೆರೆಯ ಮೇಲೆ ಐವತ್ತು ಸಾವಿರ ಜನ,
ಕುದುರೆ, ಗಾಡಿ, ಹೆಂಡತಿ, ತೊಟ್ಟಿಲು.
ಗುಂಡು ಹಾರಿತು. ಓಡಿದರು.
ಗೂಟ ಹೊಡೆದವನಿಗೆ ನೂರ ಅರುವತ್ತು ಎಕ್ರೆ.
ಬೆಳಿಗ್ಗೆ ಹುಲ್ಲು, ರಾತ್ರಿಗೆ ಹತ್ತು ಸಾವಿರ ದೀಪದ ಪೇಟೆ.
ಹದಿನೆಂಟು ವರ್ಷ ಕಳೆದು ರಾಜ್ಯ,
ಬಾವುಟದಲ್ಲಿ ನಲವತ್ತಾರನೇ ನಕ್ಷತ್ರ.

ಗುಂಡಿಗೆ ಮೊದಲೇ ಕತ್ತಲಲ್ಲಿ ನುಸುಳಿ
ಪೊದೆಯಲ್ಲಿ ಕೂತವರೂ ಇದ್ದರು, ಸೂನರ್ ಅಂತ.
ಆಗ ಬೈಗುಳ. ಈಗ ಇಡೀ ರಾಜ್ಯಕ್ಕೆ
ಎದೆ ಉಬ್ಬಿಸುವ ಅಡ್ಡಹೆಸರು.’

ಕೊನೆಯ ಬೆಂಚಿನಿಂದ ಶಶಿಕಲಾ,
ವೆನ್ಲಾಕ್ ಆಸ್ಪತ್ರೆಯ ಲಾಂಡ್ರಿಯವಳು, ಬೆರಳೆಲ್ಲ ಸೋಪಿಗೆ ಬಿಳಿಚಿ:
‘ಅದಕ್ಕೂ ಮೊದಲು ಅಲ್ಲಿ ಯಾರಿದ್ದದ್ದು ಸರ್?’

ಸಿಲೆಬಸ್ಸಿನಲ್ಲಿ ಅರ್ಧ ಪುಟ ಉಂಟು. ಹೇಳಿದೆ.
ಕ್ರೀಕ್, ಸೆಮಿನೋಲ್, ಚೆರೋಕಿ, ಚೋಕ್ಟಾ.
ಮೂಡಲ ಕಾಡಿನಿಂದ ಅಟ್ಟಿ ತಂದು ಕೂರಿಸಿದವರು.
ಹುಲ್ಲು ಬೆಳೆಯುವ ತನಕ, ನೀರು ಹರಿಯುವ ತನಕ
ನಿಮ್ಮದೇ ಅಂತ ಬರೆದು ಕೊಟ್ಟಿದ್ದರು.
ಹುಲ್ಲು ಬೆಳೆಯುತ್ತಲೇ ಇತ್ತು.
‘ಓಕ್ಲಹೋಮ ಅಂದರೆ ಚೋಕ್ಟಾ ಮಾತಲ್ಲಿ ಕೆಂಪು ಜನ.’
ಜನರನ್ನು ಅಂಚಿಗೆ ತಳ್ಳಿ
ಹೆಸರನ್ನು ನಡುಮನೆಯಲ್ಲಿ ಕೂರಿಸಿದರು.

ಅವಳು ಎದ್ದು ನಿಂತಳು.
‘ನಮ್ಮಜ್ಜ ಐತ ಕೂಡ ಮೊದಲೇ ಓಡಿದ್ದಾರೆ ಸರ್.
ಕಂಬಳದ ಹಿಂದಿನ ರಾತ್ರಿ, ಕರೆಯ ಕೆಸರಲ್ಲಿ.
ಗಾಜು ಉಂಟಾ ಮುಳ್ಳು ಉಂಟಾ ನೋಡಲಿಕ್ಕೆ,
ಕೋಣನ ಕಾಲಿಗೆ ತಾಗಬಾರದು ಅಂತ.
ಗೂಟ ಹೊಡೆಯಲಿಕ್ಕೆ ಯಾರೂ ಬಿಡಲಿಲ್ಲ.
ಅಮ್ಮ ಹನ್ನೊಂದು ವರ್ಷದಿಂದ ತಾಲೂಕು ಕಚೇರಿಗೆ ಹೋಗ್ತಾರೆ.
ಡೀಸಿ ಮನ್ನಾ ಜಾಗ ಪಹಣಿಯಲ್ಲಿ ಉಂಟಂತೆ.
ಅಳೆಯಲಿಕ್ಕೆ ಹೋದರೆ ರಬ್ಬರು ತೋಟ.’

ಬಿಚ್ಚಿಟ್ಟ ಪೆನ್ನಿನ ಮುಚ್ಚಳ ಎಲ್ಲೋ ಉರುಳಿತು.
‘ನಮ್ಮ ಭಾಷೆಯಲ್ಲಿ ಈ ಊರಿಗೂ ಒಂದು ಹೆಸರಿತ್ತಂತೆ ಸರ್.
ಅಜ್ಜಿಗೆ ಮರೆತು ಹೋಗಿದೆ.’

ನನ್ನಜ್ಜ ಲಾದ್ರು ಪಾಯ್ಸ್, ನೀರುಮಾರ್ಗದ ಒಕ್ಕಲು.
ಎಪ್ಪತ್ತಾರರಲ್ಲಿ ಡಿಕ್ಲರೇಶನ್ ಹಾಕಿ,
ಟ್ರಿಬ್ಯೂನಲಿನ ಮುಂದೆ ನಾಲ್ಕು ಸಲ ಬೆವರಿ,
ಗೆದ್ದದ್ದು ಒಂದೆಕ್ರೆ ಎಂಬತ್ಮೂರು ಸೆಂಟ್ಸ್.
ತೀರ್ಪಿಗೆ ಕನ್ನಡಿ ಹಾಕಿಸಿ ಆಲ್ತಾರಿನ ಬದಿಗೆ ತೂಗಿದ್ದ.
ನಮ್ಮ ಮನೆಯ ಚರಿತ್ರೆ ಅಲ್ಲಿಂದ ಸುರು.
ಅದು ಸುಳ್ಳಲ್ಲ. ಅವನು ಉತ್ತದ್ದೂ ಸುಳ್ಳಲ್ಲ.

ಗದ್ದೆಯಾಚೆ ನಾಲ್ಕು ಸೊಪ್ಪಿನ ಕೊಪ್ಪ,
ಬುಟ್ಟಿ ಹೆಣೆಯುವವರದ್ದು.
ಅವರ ಹತ್ತಿರ ಗೇಣಿ ಚೀಟಿ ಇರಲಿಲ್ಲ.
ಗೇಣಿಗಾದರೂ ನೆಲ ಕೊಟ್ಟವರು ಯಾರು ಅವರಿಗೆ?
ಒಂದು ಮಳೆಗಾಲ ಕಳೆದು ನೋಡಿದರೆ ಕೊಪ್ಪ ಇಲ್ಲ.
ಎಲ್ಲಿ ಹೋದರು ಅಂತ ನಮ್ಮಲ್ಲಿ ಯಾರೂ ಕೇಳಲಿಲ್ಲ.
ಅಲ್ಲಿ ಈಗ ನಮ್ಮ ಬಾವಿ.
ಬೇಸಗೆಯಲ್ಲೂ ಬತ್ತುವುದಿಲ್ಲ, ಸಿಹಿ ನೀರು.

ಇದನ್ನು ತರಗತಿಯಲ್ಲಿ ಹೇಳಲಿಲ್ಲ.
ಬಾಯಿ ಒಣಗಿತ್ತು.

‘ಇದು ಪರೀಕ್ಷೆಗೆ ಬರ್ತದಾ ಸರ್?’ ಇಮ್ತಿಯಾಜ್ ಕೇಳಿದ.
‘ಯಾವುದು?’ ಅಂದೆ.

ಗಂಟೆ ಹೊಡೆಯಿತು. ನಕ್ಷೆ ಸುರುಳಿ ಸುತ್ತುವಾಗ
ಓಕ್ಲಹೋಮದ ಹಿಡಿ ಮಾತ್ರ ಹೊರಗೆ ಉಳಿಯಿತು.
ಒಂದು ಕಾಲಕ್ಕೆ ಅದಕ್ಕೆ ಯಾರದೂ ಅಲ್ಲದ ನೆಲ ಅಂತಲೇ ಹೆಸರು.
ಯಾರದೂ ಅಲ್ಲದ್ದು ಅಂತ ಯಾವುದಾದರೂ ಇರ್ತದಾ?

ಕಿಟಕಿಯಿಂದ ನೋಡಿದೆ.
ಚೂಡಿದಾರದ ಶಾಲು ಸೊಂಟಕ್ಕೆ ಸಿಕ್ಕಿಸಿ
ಶಶಿಕಲಾ ರಸ್ತೆ ದಾಟಿ ಓಡುತ್ತಿದ್ದಳು,
ಕಂಡಕ್ಟರ್ ಸೀಟಿ ಊದುವ ಮೊದಲೇ.
ಫುಟ್‌ಬೋರ್ಡಿಗೆ ಕಾಲಿಟ್ಟದ್ದು ಕಂಡಿತು.
ಒಳಗೆ ಸೀಟು ಸಿಕ್ಕಿತೋ ಇಲ್ಲವೋ,
ಮೂರನೇ ಮಾಳಿಗೆಗೆ ಕಾಣುವುದಿಲ್ಲ.